ಎಂಟು ಕೋರಿನ ಕನಸು

ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುವವರಿಗೆ ಏನೇನಾಗುತ್ತದೋ, ಅದೆಲ್ಲ ನನಗೆ ತಪ್ಪದೆ ಆಗುತ್ತದೆ.

ಕಮಲಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಕಂಪ್ಯೂಟರ್ ಮುದಿಯಾಗಿತ್ತು. ಎಡಿಟಿಂಗಿಗೆ ಹೊಸ ಪ್ರೊಸೆಸರ್ ಬೇಕೆಂದು ಹೆಂಡತಿಯನ್ನು ಒಪ್ಪಿಸಿದ್ದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಕಾರು ಓಡಿಸುವ ಆಟ. ಸಮುದ್ರದ ದಂಡೆಯ ರಸ್ತೆ, ಕೆಂಪು ಕಾರು, ತೆಂಗಿನ ನೆರಳು, ಹಿಂದೆ ಮುಂದೆ ಯಾರೂ ಇಲ್ಲ. ನಲವತ್ತು ದಾಟಿದ ಮೇಲೆ ಇಂಥ ಆಸೆಯನ್ನು ಮನೆಯಲ್ಲಿ ಹೇಗೆ ಹೇಳುವುದು?

೧. ಬಸ್ಸಿನಲ್ಲಿ

ರೇಟು ವಿಚಾರಿಸಲು ಕಲಬುರಗಿ ಬಸ್ಸು ಹತ್ತಿದೆ. ಪ್ರೊಸೆಸರಿನೊಳಗಿನ ಪುಟ್ಟ ಪುಟ್ಟ ಮಿದುಳುಗಳಿಗೆ ಕೋರು ಅನ್ನುತ್ತಾರೆ; ಆಟಕ್ಕೆ ಎಂಟು ಕೋರಿನದು ಚಂದ, ಕೆಲಸಕ್ಕೆ ಹದಿನಾರು ಕೋರಿನದು. ಯಾವುದು? ಯೋಚಿಸುತ್ತ ಕೂತವನಿಗೆ ಕಿಟಕಿಯಾಚೆಯ ತೊಗರಿ ಹೊಲ ಮೆಲ್ಲಗೆ ನೀಲಿಯಾಗಿ, ಅಲೆ ಏಳತೊಡಗಿತು.

"ಎಲ್ಲಿಗ್ರಿ?" ಅಂದ ಕಂಡಕ್ಟರ್.

"ಎಂಟು ಕೋರು," ಅಂದೆ.

ಅವನು ಟಿಕೆಟ್ ಮಷೀನು ಒತ್ತಿ ಒತ್ತಿ ಹುಡುಕಿದ. "ಆ ಊರು ಈ ರೂಟಿನ್ಯಾಗ ಇಲ್ರಿ. ಹುಮನಾಬಾದ್ ಕಡಿ ಇರಬೇಕು, ಇಳದು ಆ ಬಸ್ ಹಿಡೀರಿ," ಎಂದು ಸೀಟಿ ಊದಿ ನನ್ನನ್ನು ನಡುದಾರಿಯಲ್ಲೇ ಇಳಿಸಿಬಿಟ್ಟ.

೨. ಅಂಗಡಿಯಲ್ಲಿ

ಅಂದಿನಿಂದ ನನ್ನೊಬ್ಬನನ್ನೇ ಕಳಿಸುವುದನ್ನು ಹೆಂಡತಿ ಬಿಟ್ಟಳು. ಜೊತೆಗೇ ಬಂದಳು.

"ಆಟಕ್ಕೋ, ಕೆಲಸಕ್ಕೋ?" ಅಂಗಡಿಯವರು ಕೇಳಿದರು.

"ಕೆಲಸಕ್ಕ್ರಿ," ಎಂದು ಬಾಯಲ್ಲಿ ಹೇಳಿ ಕಣ್ಣು ಮಿಟುಕಿಸಿದೆ. ಆ ಪುಣ್ಯಾತ್ಮರಿಗೆ ತಿಳಿಯಲಿಲ್ಲ. ಹದಿನಾರು ಕೋರಿನ ಡಬ್ಬಿ ತೆಗೆದು ಮುಂದಿಟ್ಟರು. ನನ್ನ ಸಮುದ್ರ ಬತ್ತಿಹೋಯಿತು.

ಹೆಂಡತಿ ಅದನ್ನೂ ಪಕ್ಕದಲ್ಲಿದ್ದ ಎಂಟು ಕೋರಿನ ಡಬ್ಬಿಯನ್ನೂ ನೋಡಿದಳು. "ಇದರಾಗ ಭಾಳ ಬಿಸಿ ಆಗೋದು ಯಾವ್ದ್ರಿ?"

"ಕೆಲಸದ್ದು, ಅಕ್ಕಾರ. ಆಟದ್ದು ಅಷ್ಟು ಬಿಸಿ ಆಗಂಗಿಲ್ಲ."

"ನಮ್ಮ ಬ್ಯಾಸಗಿಗಿ ಮನ್ಯಾಗ ಇನ್ನೊಂದು ಒಲಿ ಬ್ಯಾಡ. ಆಟದ್ದೇ ಕೊಡ್ರಿ. ಇವರು ಅದರಾಗೇ ಕೆಲಸ ಮಾಡ್ತಾರ."

ಕುಣಿಯಬೇಕೆನ್ನಿಸಿತು. ಆದರೆ ಕಲಬುರಗಿಯಿಂದ ಮನೆ ಮುಟ್ಟುವವರೆಗೂ ಮುಖ ಸಪ್ಪಗೆ ಮಾಡಿಕೊಂಡಿರಬೇಕಾಯಿತಲ್ಲ, ಅಷ್ಟು ಕಷ್ಟದ ಪ್ರಯಾಣ ನಾನು ಮಾಡಿಲ್ಲ.

೩. ಮನೆಯಲ್ಲಿ

ಮರುದಿನ ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿದ್ದಾಗ ಕಾರು ಹೊರಟಿತು. ಎಂಥ ಸುಖ! ತೇಲಿಹೋದೆ. ಶರಣಸಿರಸಗಿಯ ಯಜಮಾನರೊಬ್ಬರು ಮಗಳ ಮದುವೆ ವಿಡಿಯೋ ಕೇಳಲು ಬಂದು ಬೆನ್ನ ಹಿಂದೆ ನಿಂತದ್ದೂ ತಿಳಿಯಲಿಲ್ಲ.

"ಏನ್ರಿ ಇದು?"

ಅಷ್ಟರಲ್ಲಿ ಹೆಂಡತಿ ಚಹಾ ಹಿಡಿದು ಬಂದಳು. "ನಿಮ್ಮ ಮನಿ ಮದುವಿ ಎಡಿಟಿಂಗೇ ರೀ," ಅಂದುಬಿಟ್ಟೆ.

ಯಜಮಾನರ ಮುಖ ಅರಳಿತು. "ಛಲೋ ಮಾಡಿದ್ರಿ! ಅವತ್ತು ಕಾರ್ ಕೆಟ್ಟು ಅಳಿಯ ಟ್ರ್ಯಾಕ್ಟರ್‌ನ್ಯಾಗ ಬಂದಿದ್ದ, ಮರ್ಯಾದಿ ಹೋಗಿತ್ತು. ಇದೇ ಹಾಕ್ರಿ!"

ಬೇರೆ ದಾರಿಯಿಲ್ಲದೆ ಕೆಂಪು ಕಾರಿನಲ್ಲಿ ಅಳಿಯನ ತಲೆ ಕೂರಿಸಿ, ಬಾಸಿಂಗ ಸಮೇತ ಸಮುದ್ರದ ದಂಡೆಗೆ ಮೆರವಣಿಗೆ ಕಳಿಸಿದೆ. ಬೀಗರೆಲ್ಲ ನೋಡಿದರು. ಈಗ ಮದುವೆಯಾದವರಿಗೆಲ್ಲ ಅದೇ ಬೇಕು. ಒಬ್ಬರಿಗೆ ಹಿಮದ ಗುಡ್ಡ, ಒಬ್ಬರಿಗೆ ಹಾರುವ ಕಾರು. ಬೆಳಗಿನಿಂದ ಓಡಿಸಿ ಓಡಿಸಿ ಮಣಿಕಟ್ಟು ಊದಿದೆ. ಮೊನ್ನೆ ಸ್ವಲ್ಪ ಕಣ್ಣು ಮುಚ್ಚಿ ಕೂತಿದ್ದೆ. ಅಡುಗೆಮನೆಯಿಂದ ಗದರಿಕೆ ಬಂತು:

"ರೀ, ಸುಮ್ಮ ಯಾಕ ಕುಂತೀರಿ? ಆಟ ಆಡ್ರಿ! ನಾಕು ಮದುವಿ ಬಾಕಿ ಅವ!"