ಎದುರು ಪಾರ್ಟಿಯ ಗಾಡಿಯ ಮೇಲೆ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿನ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ವಕೀಲರ ಕೋಣೆಯಲ್ಲಿ ಫ್ಯಾನು ಗರಗರ ತಿರುಗುತ್ತಿತ್ತು ಎಂದು ನನ್ನ ನೆನಪು. ಅವತ್ತು ಕರೆಂಟೇ ಇರಲಿಲ್ಲ ಎನ್ನುತ್ತಾನೆ ತಮ್ಮ. ಇತಿಹಾಸದಲ್ಲಿ ಎಂ.ಎ. ಮಾಡಿ, ಸಿಂದಗಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತ ಬಂದವಳು ನಾನು. ರಾಜರು ಕೊಟ್ಟ ದಾನಕ್ಕೆಲ್ಲ ಕಲ್ಲಿನ ಮೇಲೆ ಸಾಕ್ಷಿ ಹುಡುಕುವ ನನಗೆ, ನನ್ನ ಅಪ್ಪ ಕೊಟ್ಟದ್ದಕ್ಕೆ ಮಾತ್ರ ಒಂದು ಬಾಯಿಮಾತಿನ ನೆನಪು ಬಿಟ್ಟರೆ ಬೇರೇನೂ ಇಲ್ಲ.

ಬಸವನ ಬಾಗೇವಾಡಿಯಲ್ಲಿ ಅಪ್ಪ ಕೊಂಡಿಟ್ಟಿದ್ದ ಒಂದು ಖಾಲಿ ಜಾಗವಿದೆ. ಒಮ್ಮೆ ಅದರ ನಡುವೆ ನಿಂತು ಅಪ್ಪ, "ಇದು ನಿನಗವಾ, ಇಲ್ಲೆ ಒಂದ ಮನಿ ಕಟ್ಟಸ್ಕೊ" ಎಂದಿದ್ದ. ಅಪ್ಪ ಈಗಿಲ್ಲ. ಮಸೂತಿಯಲ್ಲಿ ಅವ್ವನೊಡನೆ ಇದ್ದು ಹೊಲ ನೋಡಿಕೊಳ್ಳುವ ತಮ್ಮ ಮಲ್ಲು ಈಚೆಗೆ ಫೋನು ಮಾಡಿ, "ಅಕ್ಕಾ, ಬಾಗೇವಾಡಿ ಜಾಗಕ್ಕ ಗಿರಾಕಿ ಬಂದಾನ. ನೀ ಬಂದು ಒಂದ ಸಹಿ ಹಾಕಿ ಹೋಗು" ಎಂದ. ಬಾಡಿಗೆ ಮನೆಯಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡುವ ನಾನು, ಜೀವಮಾನದಲ್ಲಿ ಮೊದಲ ಬಾರಿಗೆ, "ಮೊದಲ ವಕೀಲರನ್ನ ಕೇಳ್ತೇನಿ" ಎಂದುಬಿಟ್ಟೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. "ಕೇಳು, ಕೇಳು. ಕೇಳೇ ಸಹಿ ಹಾಕಬೇಕು" ಎಂದ. ಇಂಥವನ ಮೇಲೆ ದಾವೆ ಹೂಡುವುದು ಎಷ್ಟು ಕಷ್ಟ ಎಂಬುದು ಆಗಲೇ ತಿಳಿಯಬೇಕಿತ್ತು.

ವಕೀಲರನ್ನು ಹುಡುಕುವುದು ವರ ಹುಡುಕುವುದಕ್ಕಿಂತ ಕಷ್ಟ. ವರನಾದರೆ ನಮ್ಮ ಪೈಕಿಯವನೇ ಆಗಿರಬೇಕು, ವಕೀಲರು ಮಾತ್ರ ಯಾರ ಪೈಕಿಯೂ ಆಗಿರಬಾರದು. ಸಿಂದಗಿಯಲ್ಲಿ ವಿಚಾರಿಸಿದರೆ ಒಬ್ಬರು ಗಂಡನ ಸೋದರಮಾವನ ಬೀಗರು. ಇಂಡಿಯವರೊಬ್ಬರು ಮಲ್ಲುವಿನ ಜೊತೆ ಓದಿದವರು. ಮುದ್ದೇಬಿಹಾಳದವರು ಯಾರೆಂದೇ ಗೊತ್ತಿಲ್ಲವಲ್ಲ ಎಂದು ಖುಷಿಯಿಂದ ಫೋನು ಮಾಡಿದರೆ, ಅವರು ಮೊದಲು ಕೇಳಿದ್ದು "ನೀವು ಯಾರ ಪೈಕಿರಿ?" ಎಂದು. ಅಪ್ಪನ ಹೆಸರು ಹೇಳಿದ್ದೇ ತಡ, "ಅಯ್ಯ, ಹಂಗಾದ್ರ ನಾವು ನಿಮಗ ಕಾಕಾ ಆಗಬೇಕಲ್ಲ!" ಎಂದು ಕಷ್ಟಸುಖ ವಿಚಾರಿಸತೊಡಗಿದರು. ಸ್ವಂತ ಕಾಕಾನ ಮುಂದೆ ತಮ್ಮನ ದೂರು ಹೇಳುವುದು ಹೇಗೆ? ಮಳೆ ಬೆಳೆಯ ಸುದ್ದಿ ಮಾತಾಡಿ ಫೋನಿಟ್ಟೆ. ಕೊನೆಗೆ ಬಾಗೇವಾಡಿಯಲ್ಲೇ, ಹೊರಗಿನಿಂದ ಬಂದು ನೆಲೆಸಿದ ಹಿರಿಯ ವಕೀಲರೊಬ್ಬರು ಸಿಕ್ಕರು. ನಮಗೂ ಅವರಿಗೂ ಯಾವ ನಂಟೂ ಇರಲಿಲ್ಲ. ಅದೇ ಅವರ ದೊಡ್ಡ ಅರ್ಹತೆ.

ಮೊದಲ ಭೇಟಿಗೆ ನಾನು ಪರೀಕ್ಷೆಗೆ ಓದಿದಂತೆ ತಯಾರಾದೆ. ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿ, ನೀವೇ ವಕೀಲರು, ಪ್ರಶ್ನೆ ಕೇಳಿರಿ ಎಂದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತ, "ನಿಮ್ಮಪ್ಪ ಆ ಮಾತು ಅಂದಾಗ ಬಿಸಲಿತ್ತೋ, ಮಳಿ ಇತ್ತೋ?" ಎಂದರು. ಬಿಸಿಲು ಎಂದೆ. "ಮತ್ತ ನಿನ್ನೆ ಛತ್ರಿ ಹಿಡಿದಿದ್ದ ಅಂದಿ?" ಬಿಸಿಲಿಗೂ ಛತ್ರಿ ಹಿಡಿಯುತ್ತಾರೆ ಎಂದು ವಾದಿಸಿದೆ. ಆದರೆ ಒಳಗೆ ಏನೋ ಸಡಿಲವಾಯಿತು. ಹೇಳಿದ ಹಾಗೆಲ್ಲ ಅಪ್ಪನ ಮಾತು ಉದ್ದವಾಗುತ್ತಿತ್ತು. ಒಂದು ಸಲ "ಇದು ನಿನಗವಾ" ಅಷ್ಟೇ ಇದ್ದದ್ದು, ಮುಂದಿನ ಸಲಕ್ಕೆ ಮೂಡಣ ಬಾಗಿಲಿನ ಮನೆ, ಎದುರಿಗೊಂದು ಬೇವಿನ ಗಿಡ, ಎಲ್ಲ ಸೇರಿಕೊಂಡವು. "ಇನ್ನೊಂದ ಸಲ ಕೇಳಿದ್ರ ನಿಮ್ಮಪ್ಪ ಗೃಹಪ್ರವೇಶನೂ ಮಾಡಿ ಹೋಗ್ತಾನ" ಎಂದರು ಗಂಡ.

ಹೊರಡುವ ಹಿಂದಿನ ದಿನ ಅವ್ವನಿಗೆ ಸುದ್ದಿ ಹೇಳಿದೆ. ಹೇಳಬಾರದಿತ್ತು. "ಕೋರ್ಟ್ ಕಚೇರಿ ಅಂದ್ರ ಗಂಡಸರು ಅಡ್ಡಾಡು ಜಾಗ. ಒಬ್ಬಾಕಿನೇ ಹೋಗಬ್ಯಾಡ. ಮಲ್ಲೂನ್ನ ಜೋಡಿ ಕಳಸ್ತೇನಿ" ಎಂದಳು. "ಯವ್ವಾ, ನಾ ಹೊಂಟಿದ್ದ ಅವನ ಮ್ಯಾಲ!" ಎಂದೆ. "ಯಾರ ಮ್ಯಾಲರ ಹೋಗವಾ, ಜೋಡಿ ಒಬ್ಬರು ಬೇಕಲ್ಲ" ಎಂದು ಫೋನಿಟ್ಟಳು. ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಇಳಿದಾಗ ಮಲ್ಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೈಕಿನೊಡನೆ ನಿಂತಿದ್ದ. ಬಿಸಿಲಿತ್ತು. ವಕೀಲರ ಮನೆ ದೂರವಿತ್ತು. ನನ್ನ ತತ್ವ ಎಷ್ಟು ಗಟ್ಟಿ ಎಂಬುದನ್ನು ಇಲ್ಲಿ ವಿವರಿಸಬೇಕಿಲ್ಲ, ಹತ್ತಿ ಕುಳಿತೆ.

ವಕೀಲರು ಇಬ್ಬರಿಗೂ ಚಹಾ ತರಿಸಿದರು. ಜಾಗದ ನಾಲ್ಕು ಕಡೆ ಏನೇನಿದೆ ಎಂದು ಕೇಳಿದರು. ತಯಾರಿಯಲ್ಲಿ ಈ ಪ್ರಶ್ನೆಯೇ ಬಂದಿರಲಿಲ್ಲ. ನಾನು ಬೇವಿನ ಗಿಡ ಎಂದು ಶುರುಮಾಡಿದೆ. "ಗಿಡ ಎಲ್ಲೈತಿ ಅಕ್ಕಾ?" ಎಂದು ಮಲ್ಲು ನಡುವೆ ಬಾಯಿ ಹಾಕಿ, ಮೂಡಣಕ್ಕೆ ರಸ್ತೆ, ಪಡುವಣಕ್ಕೆ ಹಿಟ್ಟಿನ ಗಿರಣಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ವಕೀಲರು ಮೆಚ್ಚಿ ತಲೆಯಾಡಿಸಿದರು. "ಎದುರು ಪಾರ್ಟಿ ಹೆಸರೇನು?" ಎಂದರು. ನಾನು ಚಹಾ ಗುಟುಕರಿಸಿದೆ. ಮಲ್ಲು ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಬರೆಸಿದ.

"ಈಗ ಎಲ್ಲಿರ್ತಾರ ಅವರು?"

"ಇಲ್ಲೇ ಕುಂತೇನಲ್ರಿ."

ವಕೀಲರು ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಅವನನ್ನು ನೋಡಿದರು, ಅವನ ಮುಂದಿನ ಚಹಾದ ಕಪ್ಪನ್ನೂ ನೋಡಿದರು. "ಅಲ್ರಿ ಅಕ್ಕಾರ, ಭಾಳ ಮಂದಿ ಬಡದಾಡಿಕೋತ ಬಂದದ್ದು ನೋಡೇನಿ. ಎದುರಿನವರ ಗಾಡಿ ಮ್ಯಾಲ ಬಂದವ್ರನ್ನ ನೋಡಿದ್ದಿಲ್ಲ. ತಮ್ಮಾ, ನೀ ಸ್ವಲ್ಪ ಹೊರಗ ಕುಂದರು."

"ಒಬ್ಬಾಕಿನ ಬಿಟ್ಟು ಬರಬ್ಯಾಡ ಅಂದಾಳರಿ ಅವ್ವ" ಎಂದ ಮಲ್ಲು. ಆದರೂ ಎದ್ದು ಕಟ್ಟೆಯ ಮೇಲೆ ಹೋಗಿ ಕುಳಿತ, ಬಾಗಿಲಿನಿಂದ ನಾನು ಕಾಣುವ ಹಾಗೆ.

ವಕೀಲರು ದನಿ ತಗ್ಗಿಸಿದರು. "ಕಾಯ್ದೆ ಪ್ರಕಾರ ನಿಮಗ, ತಮ್ಮಗ, ಅವ್ವಾರಿಗೆ, ಮೂರೂ ಮಂದಿಗೆ ಪಾಲು ಐತಿ. ಅದಷ್ಟ ಕೇಳೂದಿದ್ರ ಇವತ್ತೇ ನೋಟೀಸ್ ಕಳಸೋಣ. ಪೂರಾ ಜಾಗ ನಂದು ಅಂತೀರಿ ಅಂದ್ರ ಅಪ್ಪಾರು ಅಂದ ಬರೇ ಮಾತು ನಡಿಯಂಗಿಲ್ಲ. ಉಳಿದವರು ಒಪ್ಪಿ ಬಿಟ್ಟುಕೊಡಬೇಕು. ಆ ಮಾತು ಯಾರ ಮುಂದ ಅಂದ್ರು?"

"ನನ್ನ ಮುಂದ ಅಂದಾನ್ರಿ."

"ಮತ್ತ ಯಾರಿದ್ರು?"

ನಾನು ಬಾಗಿಲ ಕಡೆ ನೋಡಿದೆ. ಅವರೂ ನೋಡಿದರು. ಕಟ್ಟೆಯ ಮೇಲೆ ಮಲ್ಲು ನನ್ನ ನೀರಿನ ಬಾಟಲಿ ಹಿಡಿದು ಕುಳಿತಿದ್ದ. "ಮೊದಲ ಅವನ್ನ ಕೇಳ್ರಿ. ಆಮ್ಯಾಲ ನನ್ನ ಕಡೆ ಬರ್ರಿ" ಎಂದರು ವಕೀಲರು.

ನಿಲ್ದಾಣದಲ್ಲಿ ಸಿಂದಗಿ ಬಸ್ಸು ತುಂಬಿತ್ತು. ಮಲ್ಲು ಕಿಟಕಿಯಿಂದ ಟವೆಲ್ಲು ಎಸೆದು ನನಗೆ ಸೀಟು ಹಿಡಿದ. ಕುಳಿತ ಮೇಲೆ ಕಿಟಕಿಯಿಂದ ಬಗ್ಗಿ ಅದನ್ನೇ ಕೇಳಿದೆ. "ಆಧಾರ್ ಕಾರ್ಡ್ ಕೈಯಾಗ ಹಿಡ್ಕೊ ಅಕ್ಕಾ, ಕಂಡಕ್ಟರ್ ಬಂದ" ಎಂದ. ಬಸ್ಸು ಹೊರಟಿತು. ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ಆ ರಾತ್ರಿ ದಿನಚರಿಯಲ್ಲಿ ಬರೆದೆ. ನಿಜ ಹೇಳಬೇಕೆಂದರೆ, ನಾನು ಜೋರಾಗಿ ಕೇಳಿದ್ದೆನೋ ಇಲ್ಲವೋ ಎಂಬುದೇ ಈಗ ಖಾತ್ರಿಯಿಲ್ಲ. ಅವನು "ಇಲ್ಲ" ಎಂದರೆ ನನಗೆ ಜಾಗದ ಜೊತೆ ಆ ಬಿಸಿಲೂ ಛತ್ರಿಯೂ ಹೋಗುತ್ತವೆ. ಮೂರರಲ್ಲೊಂದು ಪಾಲು ಉಳಿಯುತ್ತದೆ ನಿಜ, ಆದರೆ ಅಪ್ಪನ ಮಾತನ್ನು ಮೂರು ಪಾಲು ಮಾಡಿ ಎಲ್ಲಿ ಕಟ್ಟಲಿ?

ಅಂದಿನಿಂದ ಮಲ್ಲು ಗಿರಾಕಿಯ ಸುದ್ದಿ ಎತ್ತಿಲ್ಲ. ಸಹಿಗೂ ಕರೆದಿಲ್ಲ. ಆಗಾಗ ಫೋನು ಮಾಡಿ, "ವಕೀಲರ ಕಡೆ ಮತ್ತ ಯಾವಾಗ ಹೋಗೂದೈತಿ? ಹೇಳಿದ್ರ ಗಾಡಿ ತರ್ತೇನಿ" ಎನ್ನುತ್ತಾನೆ. ಕಳೆದ ಸಲ, ಈ ಬಾರಿ ಜೋರಾಗಿಯೇ, ಮತ್ತೆ ಕೇಳಿದೆ. "ತಡಿ, ಅವ್ವಗ ಕೊಡ್ತೇನಿ" ಎಂದ. ಅವ್ವ ಫೋನು ತೆಗೆದುಕೊಂಡು ಉಂಡೆಯಾ ಎಂದು ಕೇಳಿದಳು. ಉಂಡೆ ಎಂದೆ. ನಾನು ಮಲ್ಲುವನ್ನು ಕೇಳಿದ್ದು ಇಷ್ಟೇ:

"ಅವತ್ತ ನೀನೂ ಅಲ್ಲೇ ಇದ್ದೆಲ್ಲೋ ಮಲ್ಲೂ, ಅಪ್ಪ ಅಂದಿದ್ದನೋ ಇಲ್ಲೋ?"