ಎಡಕ್ಕೆ ಹೋದ ಮಂಡ್ಯ

ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ ಸಾವಿರಾರು ಮಕ್ಕಳನ್ನು ಎಡಕ್ಕೆ, ಬಲಕ್ಕೆ ತಿರುಗಿಸಿದವನು ನಾನು. ಗೇಣುದ್ದದ ರೈಲೊಂದನ್ನು ಓಡಿಸುವುದು ಯಾವ ಲೆಕ್ಕ!

ಮಂಡ್ಯದ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಖಾಲಿ ಎಂಬುದು ನನ್ನ ಅಭಿಪ್ರಾಯ. ಹೆಂಡತಿ ಜಯಮ್ಮನ ಪ್ರಕಾರ ಅದು ರಾಗಿ ಮೂಟೆಗಳ ಕೋಣೆ. ಕೊನೆಗೆ ಒಪ್ಪಂದವಾಯಿತು. ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ನನ್ನ ಪುಟಾಣಿ ರೈಲು ಮದ್ದೂರು ಬಿಟ್ಟು, ಹನಕೆರೆಯಲ್ಲಿ ನಿಂತು, ಮಂಡ್ಯ ಸೇರಬೇಕು. ಸೇರಿದರೆ ಕೋಣೆ ನನ್ನದು. ಇಲ್ಲದಿದ್ದರೆ ವರಾಂಡದ ಮೂಟೆಗಳು ಒಳಕ್ಕೆ!

ಗೋಡೆಯುದ್ದಕ್ಕೂ ಹಲಗೆ ಜೋಡಿಸಿ ಹಳಿ ಹಾಸಿದೆ. ಎಡತುದಿಯಲ್ಲಿ ಮದ್ದೂರು, ನಡುವೆ ಹನಕೆರೆ, ಬಲತುದಿಯಲ್ಲಿ ಮಂಡ್ಯ. ಮಂಡ್ಯದ ಪಕ್ಕ ರಟ್ಟಿನ ಸಕ್ಕರೆ ಕಾರ್ಖಾನೆ, ಪೊರಕೆ ಕಡ್ಡಿಯ ಕಬ್ಬಿನ ಗದ್ದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಪರೀಕ್ಷಾರ್ಥ ಸಂಚಾರ. ರೈಲಿಗೆ ಮಂಡ್ಯದ ಕಡೆ ಮುಖ ಮಾಡಿಸಿ, ವಿಷಲ್ ಊದಿ, ಸ್ವಿಚ್ ಹಾಕಿದೆ. ಅದು ಹಿಮ್ಮುಖವಾಗಿ ಹೊರಟು ಎಡಗಡೆಯ ಗೋಡೆಗೆ ಗುದ್ದಿತು!

ಎಂಜಿನ್ ತಿರುಗಿಸಿಟ್ಟೆ. ಈಗ ಮುಮ್ಮುಖವಾಗಿ ಹೋಗಿ ಅದೇ ಗೋಡೆಗೆ ಗುದ್ದಿತು. ಮತ್ತೆ ತಿರುಗಿಸಿದೆ. ಮತ್ತೆ ಅದೇ ಗೋಡೆ! ಅದರ ಮುಖ ಯಾವುದು, ಬೆನ್ನು ಯಾವುದು ಎಂದು ನನಗೇ ಅನುಮಾನ ಬಂತು.

ಶಿಸ್ತಿನ ಮನುಷ್ಯ ಎದೆಗುಂದುವುದಿಲ್ಲ. ರೈಲು ಎಡಕ್ಕೇ ಹೋಗುವುದಾದರೆ ಮಂಡ್ಯವೇ ಎಡಕ್ಕೆ ಬರಲಿ! ಬೋರ್ಡು ಕಿತ್ತೆ. ಕಾರ್ಖಾನೆ ಕಿತ್ತೆ. ಕಬ್ಬನ್ನು ಒಂದೊಂದೇ ಕಡ್ಡಿಯಾಗಿ ಕಿತ್ತು ನೆಟ್ಟೆ. ಸಂಜೆಯ ಹೊತ್ತಿಗೆ ಎರಡೂ ಊರು ಅದಲುಬದಲಾಗಿದ್ದವು. ರೈಲು ಮಂಡ್ಯ ಸೇರಿತು.

"ರೈಲು ತಿರುಗ್ನಿಲ್ಲ ಅಂತ ಊರ್ನೇ ತಿರುಗಿಸ್ಬುಟ್ರಾ?" ಎಂದಳು ಜಯಮ್ಮ.

"ಇದು ಆಡಳಿತಾತ್ಮಕ ನಿರ್ಧಾರ!" ಎಂದೆ.

ಭಾನುವಾರ ಹತ್ತಕ್ಕೆ ಕಾಲು ಗಂಟೆ ಇರುವಾಗ ಪಕ್ಕದ ಮನೆಯ ಬೋರೇಗೌಡರು ಸಾಕ್ಷಿಯಾಗಿ ಬಂದು ಹಲಗೆಯ ಬಲತುದಿಯಲ್ಲಿ, ಹೊಸ ಮದ್ದೂರಿನ ಪಕ್ಕ ಕುಳಿತರು. ಜಯಮ್ಮ ಅರಿಶಿನ ಕುಂಕುಮದ ತಟ್ಟೆ ತಂದಳು.

"ಪೂಜೆ ಮಾಡ್ದೆ ಯಾರಾದ್ರೂ ಒಸಾ ಗಾಡಿ ಓಡ್ಸ್ತಾರಾ?"

ಎಂಜಿನ್ನಿಗೆ, ಮೂರು ಡಬ್ಬಿಗಳಿಗೆ, ಕರೆಂಟು ಕೊಡುವ ಪೆಟ್ಟಿಗೆಗೆ, ಅದರ ಮೇಲಿನ ಗುಂಡಿಗೂ ಬಿಡದೆ ಕುಂಕುಮ ಒತ್ತಿದಳು. ಆಮೇಲೆ ಚಕ್ರದ ಮುಂದೆ ನಿಂಬೆಹಣ್ಣು ಇಡಹೋದಳು.

"ಹಣ್ಣು ಎಂಜಿನ್ನಿಗಿಂತ ದಪ್ಪ ಇದೆಯಲ್ಲೇ! ರೈಲು ಹೋಗೋದು ಹೇಗೆ?"

"ಸರಿ ಬುಡಿ, ಹಿಂದ್ಗಡೆ ಇಡ್ತೀನಿ. ಹಿಂದಕ್ಕಂತೂ ಬರಾಕಿಲ್ವಲ್ಲ?"

"ಪ್ರಶ್ನೆಯೇ ಇಲ್ಲ!"

ಹತ್ತು ಗಂಟೆ. ವಿಷಲ್. ಸ್ವಿಚ್.

ರೈಲು ಹಿಂದಕ್ಕೆ ಬಂತು!

ನಿಂಬೆಹಣ್ಣಿಗೆ ಗುದ್ದಿ, ಹಳಿ ತಪ್ಪಿ, ಬೋರೇಗೌಡರ ಮಡಿಲಿಗೆ ಬಿತ್ತು. ನಾನು ವಿಷಲ್ ಬಾಯಲ್ಲಿಟ್ಟುಕೊಂಡೇ ನಿಂತೆ. ನಿನ್ನೆ ಎಡಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗದ ರೈಲಿಗೆ ಇಂದು ಏನಾಯಿತು?

ಗೌಡರು ಪೆಟ್ಟಿಗೆಯತ್ತ ಬಗ್ಗಿದರು. "ಮೇಷ್ಟ್ರೇ, ಈ ಗುಂಡಿ ಯಾತಕ್ಕೆ?"

"ಅದು... ಅಲಂಕಾರಕ್ಕಿರಬಹುದು."

ಅವರು ರೈಲನ್ನು ಹಳಿಗಿಟ್ಟು ಗುಂಡಿ ತಿರುಗಿಸಿದರು. "ಇಂಗ್ ತಿರುಗ್ಸುದ್ರೆ ಎಡಕ್ಕೆ, ಅಂಗ್ ತಿರುಗ್ಸುದ್ರೆ ಬಲಕ್ಕೆ. ನಮ್ ಟಿಲ್ಲರ್ ರಿವರ್ಸ್ ಗೇರ್ ಇದ್ದಂಗೆ! ಕುಂಕುಮ ಒತ್ತುವಾಗ ಅಕ್ಕೋರ ಕೈ ತಗುಲಿ ತಿರುಗೈತೆ, ಅಷ್ಟೇಯ."

ಒಂದು ಗುಂಡಿ ತಿರುಗಿಸುವ ಬದಲು ನಾನು ಎರಡು ತಾಲ್ಲೂಕು ತಿರುಗಿಸಿದ್ದೆ!

ಹತ್ತು ಹತ್ತಕ್ಕೆ ಗೌಡರು ಮೊದಲ ಮೂಟೆಯನ್ನು ಹೆಗಲ ಮೇಲೆ ಹೊತ್ತು ಬಂದರು. "ಮೇಷ್ಟ್ರೇ, ಎಡಕ್ಕಾ, ಬಲಕ್ಕಾ?"

"ಅವರ್ನ ಕೇಳ್ಬ್ಯಾಡಿ ಗೌಡ್ರೇ," ಎಂದಳು ಜಯಮ್ಮ, "ಮೂಟೆ ಬದ್ಲು ಗೋಡೆ ಎತ್ತಿಡ್ತಾರೆ!"

ನಾನು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಎಡಗೈ ಯಾವುದೆಂದು ಖಚಿತವಾಗುವಷ್ಟರಲ್ಲಿ ಮೂಟೆ ಮಂಡ್ಯದ ಮೇಲೆ ಕುಳಿತಾಗಿತ್ತು!