ಹೆಂಡತಿಯ ಬಿಂದಿ, ನನ್ನ ಗಿಟಾರು

ಐವತ್ತೆರಡನೇ ವಯಸ್ಸಿನಲ್ಲಿ ಗಿಟಾರು ಹಿಡಿದ ಮೇಲೆ ಮಾನ ಹೋಗುವ ಪ್ರಸಂಗಗಳು ವಾರಕ್ಕೊಂದರಂತೆ ಮನೆ ಹುಡುಕಿಕೊಂಡು ಬರುತ್ತಿವೆ. ಸಾಕಾಗಿದೆ. ಬೊರಿವಲಿಯಿಂದ ಪರೇಲಿನ ಆಫೀಸಿಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿಬರುವವನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದರೆ, ಕಾರಣ ನನ್ನ ಹೆಂಡತಿ. ಉಡುಪಿಯಲ್ಲಿ ಚೆನ್ನಾಗಿ ಹಾಡುತ್ತಿದ್ದವಳು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹಾಡುವುದನ್ನೇ ಬಿಟ್ಟಿದ್ದಳು. ಬಿಲ್ಡಿಂಗಿನ ಗಣಪತಿಗೆ ಒಂದು ಹಾಡು ಹಾಡಿ ಎಂದು ಹೆಂಗಸರು ದುಂಬಾಲು ಬಿದ್ದಾಗ, "ಇವರು ಪಕ್ಕದಲ್ಲಿ ಕೂತು ಎಂತಾದ್ರೂ ಬಾರಿಸಿದ್ರೆ ಹಾಡ್ತೇನೆ, ಇಲ್ಲದಿದ್ರೆ ಇಲ್ಲ" ಎಂದುಬಿಟ್ಟಳು. ನಾನು ಒಲ್ಲೆ ಎಂದರೆ ಆ ದನಿ ಇನ್ನೆಂದೂ ಕೇಳಿಸುವುದಿಲ್ಲವಲ್ಲ ಎಂದು ಹೆದರಿಕೆಯಾಯಿತು. ಮಗಳು ಎರಡು ತಿಂಗಳು ಕಲಿತು ಕಪಾಟಿನ ಮೇಲೆ ಎಸೆದಿದ್ದ ಗಿಟಾರನ್ನು ಇಳಿಸಿದೆ.

ಹಸಿರು ಬಿಂದಿ

ಬೆರಳು ಎಲ್ಲಿಡಬೇಕೆಂದು ನೆನಪೇ ಉಳಿಯುತ್ತಿರಲಿಲ್ಲ. ಹೆಂಡತಿಯ ಬಿಂದಿ ಪ್ಯಾಕೆಟ್ಟಿನಿಂದ ಒಂಬತ್ತು ತೆಗೆದು ತಂತಿಗಳ ಕೆಳಗೆ ಅಂಟಿಸಿದೆ. ಮೂರು ಕೆಂಪು ಒತ್ತಿದರೆ ಸಿ ಕಾರ್ಡ್ ಎಂಬ ಸ್ವರಗುಚ್ಛ, ಮೂರು ಹಸಿರು ಒತ್ತಿದರೆ ಜಿ, ಮೂರು ನೀಲಿ ಒತ್ತಿದರೆ ಡಿ. ನನ್ನ ಸಂಗೀತ ಅಷ್ಟೇ. ಬೆರಳಿಗಂಟಿ ಉದುರಿದ್ದಕ್ಕೆ ಬದಲು ಹೊಸದು ಅಂಟಿಸುತ್ತ ಪ್ಯಾಕೆಟ್ಟೂ ಖಾಲಿಯಾಯಿತು.

ಒಂದು ಬೆಳಿಗ್ಗೆ ಅಭ್ಯಾಸ ಮುಗಿಸಿ ಓಡಿ ಲೋಕಲ್ ಹಿಡಿದು, ಅದೇ ಬೆರಳುಗಳಿಂದ ಹಣೆಯ ಬೆವರು ಒರೆಸಿಕೊಂಡೆ. ಆಶ್ಚರ್ಯ, ಇಬ್ಬರು ಎದ್ದು ನಿಂತು ಸೀಟು ಕೊಟ್ಟರು! ಹದಿನೈದು ವರ್ಷದಲ್ಲಿ ಇದೇ ಮೊದಲು. ಆಫೀಸಿನ ಬಾಗಿಲಲ್ಲಿ ವಿಜಯಪುರ ಕಡೆಯ ವಾಚ್‌ಮನ್ ಸಂಕೋಚದಿಂದ ಹೇಳಿದ: "ಸಾಹೇಬ್ರ, ಹಣಿ ಮ್ಯಾಲ ಹಸರ ಟಿಕಳಿ ಐತ್ರಿ."

ಮರುದಿನ ಬಿಂದಿಯಿಲ್ಲದೆ ಹೋದೆ. ಪರೇಲ್ ತನಕ ನಿಂತೇ ಹೋದೆ.

ಏಳನೇ ವಿಷಲ್

ಬಾಂದ್ರಾದಲ್ಲಿ ನನಗೆ ಕಲಿಸುವವನು ಮಗಳ ವಯಸ್ಸಿನವನು. ಮಂಗಳೂರಿನವರ ಮಗ, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ. ಬಿಂದಿ ನೋಡಿ ಹಣೆ ಚಚ್ಚಿಕೊಂಡ. "ಅಂಕಲ್, ನೀವು ಓನ್ಲಿ ನೋಡ್ತೀರಿ. ಸುನ್‌ತೇ ನಹೀ, ಕೇಳೋದೇ ಇಲ್ಲ. ಒಂದೇ ತಂತಿ, ಒಂದೇ ಬೆರಳು. ಮನೇಲಿ ಯಾವ ಸೌಂಡ್ ಬರ್ತದೆ, ಅದನ್ನ ಹುಡುಕಿ."

ಮನೆಯಲ್ಲಿ ಬರುವ ಸೌಂಡು ಕುಕ್ಕರಿನದು. ಹೆಂಡತಿ, "ಮೂರು ವಿಷಲ್ ಆದ್ರೆ ಗ್ಯಾಸ್ ಬಂದ್ ಮಾಡಿ" ಎಂದು ಹೇಳಿ ಮಾರ್ಕೆಟ್ಟಿಗೆ ಹೋದಳು. ಮೊದಲ ವಿಷಲ್‌ಗೆ ಬೆರಳು ಕೆಳಗಿತ್ತು, ಎರಡನೆಯದಕ್ಕೆ ಮೇಲೆ ಹೋಯಿತು. ಹುಡುಕಿದೆ, ಹುಡುಕಿದೆ. ಕಡೆಗೂ ಸ್ವರ ಕೈಗೆ ಸಿಕ್ಕಿತು, ಏಳನೇ ವಿಷಲ್‌ಗೆ. ಕುಣಿಯುವಷ್ಟು ಸಂತೋಷವಾಯಿತು.

ಹೆಂಡತಿ ಬಂದೊಡನೆ ಸ್ವರ ಸಿಕ್ಕಿತು ಎಂದೆ. ಅವಳು ಕುಕ್ಕರಿನ ಮುಚ್ಚಳ ತೆಗೆದಳು. "ಸ್ವರ ಸಿಕ್ಕಿತಲ್ಲ ಮಾರಾಯ್ರೆ, ಊಟಕ್ಕೆ ಅದನ್ನೇ ಬಡಿಸ್ತೇನೆ."

ಗಣಪತಿಯ ಎದುರು

ನಮ್ಮದು ಗ್ರೌಂಡ್ ಫ್ಲೋರ್. ಗಣಪತಿ ಹಬ್ಬದ ಸಂಜೆ, ಆರತಿ ಎತ್ತುವ ಗುಂಪಿನ ಹೆಂಗಸರೆಲ್ಲ ನಮ್ಮ ಮನೆಯಲ್ಲೇ ಒಂದೇ ಥರದ ಸೀರೆ ಉಟ್ಟು ಸಿಂಗರಿಸಿಕೊಂಡರು. ನಾನು ಮೊದಲೇ ಹೋಗಿ ಪೆಂಡಾಲಿನಲ್ಲಿ ಕೂತಿದ್ದೆ. ಹೆಂಡತಿ ಗಿಟಾರು ತಂದು ಮಡಿಲಲ್ಲಿಟ್ಟಳು. ನೋಡುತ್ತೇನೆ, ಒಂದೂ ಬಿಂದಿ ಇಲ್ಲ!

"ಎಲ್ಲಿ ಹೋದವು?"

"ಪಾಪ, ಹೆಂಗಸರ ಹಣೆ ಖಾಲಿ ಇತ್ತು. ಪ್ಯಾಕೆಟ್ಟು ಖಾಲಿ ಮಾಡಿದ್ದು ಯಾರು, ನೀವೇ ಅಲ್ವಾ?" ಎಂದು ಪಿಸುಗುಟ್ಟಿದವಳು ಹಾಡು ಶುರುಮಾಡಿಯೇಬಿಟ್ಟಳು.

ಎರಡನೇ ಸಾಲಿಗೆ ಅವಳ ದನಿ ನಡುಗಿತು, ಇನ್ನೇನು ನಿಲ್ಲಿಸುತ್ತಾಳೆ ಅನ್ನಿಸಿತು. ಕಣ್ಣು ಮುಚ್ಚಿದೆ. ಒಂದೇ ತಂತಿ, ಒಂದೇ ಬೆರಳು. ತಪ್ಪಿತು. ಮತ್ತೆ ತಪ್ಪಿತು. ಆಮೇಲೆ, ಕುಕ್ಕರಿನ ದಯೆಯೋ ಗಣಪತಿಯ ದಯೆಯೋ, ಅವಳ ಸ್ವರ ನನ್ನ ಬೆರಳಿಗೆ ಸಿಕ್ಕಿತು. ಅವಳ ದನಿ ಗಟ್ಟಿಯಾಯಿತು. ಅವಳು ಹೋದಲ್ಲೆಲ್ಲ ಹಿಂದೆ ಹಿಂದೆ ಹೋದೆ. ಹಾಡು ಪೂರ್ತಿ ಮುಗಿಯಿತು.

ಚಪ್ಪಾಳೆಯ ಸದ್ದಿಗೆ ಕಣ್ಣು ಬಿಟ್ಟೆ. ಮುಂದಿನ ಸಾಲಿನಲ್ಲಿ ಒಂಬತ್ತು ಹೆಂಗಸರು. ಮೂರು ಹಣೆ ಕೆಂಪು, ಮೂರು ಹಸಿರು, ಮೂರು ನೀಲಿ. ನಾನು ತಿಂಗಳುಗಟ್ಟಲೆ ಒತ್ತಿ ಒತ್ತಿ ಕಲಿತ ಸಿ, ಜಿ, ಡಿ ಮೂರೂ ಎದುರಿಗೇ ಕೂತು ನನಗೆ ಚಪ್ಪಾಳೆ ತಟ್ಟುತ್ತಿದ್ದವು.